ಮಳೆಯ ಲೆಕ್ಕ ಮನೆ ಬದಲಿಸಿದಾಗ

ಮನೆಯಲ್ಲೇ ಮಳೆ ಅಳೆದು ಬರೆದಿಡುವ ರೂಢಿಗೆ ಬ್ರಿಟನ್ನಿನಲ್ಲಿ ಸುಮಾರು ಮುನ್ನೂರೈವತ್ತು ವರ್ಷಗಳ ಇತಿಹಾಸವಿದೆ. ಲ್ಯಾಂಕಷೈರ್‌ನ ಬರ್ನ್ಲಿ ಪಟ್ಟಣದ ಬಳಿಯ ಟೌನ್ಲಿ ಹಾಲ್ ಎಂಬ ಬಂಗಲೆಯಲ್ಲಿ ರಿಚರ್ಡ್ ಟೌನ್ಲಿ 1677ರಲ್ಲಿ ಈ ಲೆಕ್ಕ ಆರಂಭಿಸಿದ. ಚಾವಣಿಯ ಮೇಲೆ 12 ಅಂಗುಲ ಅಗಲದ ಆಲಿಕೆ, ಅದಕ್ಕೆ ಜೋಡಿಸಿದ ಸೀಸದ ಕೊಳವೆ. ನೀರು ಆ ಕೊಳವೆಯಲ್ಲಿಳಿದು ಕೆಳಗಿನ ಪಾತ್ರೆಗೆ ಬೀಳುತ್ತಿತ್ತು. ಮಳೆಯಲ್ಲಿ ನೆನೆಯದೆ ಮಳೆ ಅಳೆಯುವ ಉಪಾಯವೇನೋ ಒಳ್ಳೆಯದೇ, ಆದರೆ ಆಲಿಕೆಗೆ ಚಾವಣಿ ಸರಿಯಾದ ಜಾಗವಲ್ಲ. ಇದನ್ನು ತೋರಿಸಿದವನು ವೈದ್ಯ ವಿಲಿಯಂ ಹೆಬರ್ಡನ್. 1766-67ರಲ್ಲಿ ಆತ ಲಂಡನ್ನಿನಲ್ಲಿ ಮೂರು ಮಾಪಕಗಳನ್ನಿಟ್ಟ. ನೆಲದ ಹತ್ತಿರದ್ದರಲ್ಲಿ ವರ್ಷಕ್ಕೆ 22 ಅಂಗುಲಕ್ಕೂ ಮಿಕ್ಕಿ ನೀರು ಸಿಕ್ಕಿತು, ಮನೆಯ ಚಾವಣಿಯಲ್ಲಿ 18 ಅಂಗುಲ, ವೆಸ್ಟ್‌ಮಿನ್‌ಸ್ಟರ್ ಅಬೆಯ ಗೋಪುರದ ಮೇಲೆ 12 ಅಂಗುಲ. ಎತ್ತರದಲ್ಲಿ ಗಾಳಿ ಹನಿಗಳನ್ನು ಮಾಪಕದ ಬಾಯಿಂದಾಚೆಗೆ ಒಯ್ಯುತ್ತದೆ. ಹಾಗಾಗಿ ಮಾಪಕ ಜಾಗ ಬದಲಿಸಿದರೆ ಹಳೆಯ ಲೆಕ್ಕವೂ ಹೊಸ ಲೆಕ್ಕವೂ ಒಂದೇ ಸಾಲಿಗೆ ಕೂಡುವುದಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ಎತ್ತರಕ್ಕೆ, ಯಾವ ದಿನ ಬದಲಾಯಿತು ಎಂಬ ಟಿಪ್ಪಣಿಯಿಲ್ಲದ ದಾಖಲೆಗೆ ಬೆಲೆ ಕಡಿಮೆ.

ಇಂಥ ಬಿಡಿ ಲೆಕ್ಕಗಳನ್ನು ಒಂದೆಡೆ ತಂದವರು ಜಾರ್ಜ್ ಜೇಮ್ಸ್ ಸೈಮನ್ಸ್. 1860ರಲ್ಲಿ 168 ಕಡೆಗಳ ಅಂಕಿಗಳೊಂದಿಗೆ ಆರಂಭವಾದ ಅವರ ಸಂಗ್ರಹಕ್ಕೆ, 1900ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ, ಮೂರು ಸಾವಿರಕ್ಕೂ ಹೆಚ್ಚು ಜನ ಮಳೆ ಅಳೆದು ಕಳಿಸುತ್ತಿದ್ದರು. ಪಾದ್ರಿಗಳು, ವೈದ್ಯರು, ಜಮೀನ್ದಾರರು, ತೋಟದ ಮಾಲಿಗಳು, ಜಲಾಶಯದ ಕಾವಲುಗಾರರು ಹೀಗೆ ಎಲ್ಲ ಬಗೆಯವರೂ ಅವರಲ್ಲಿದ್ದರು. ನಾರ್ಫೋಕ್‌ನ ಲೇಡಿ ಬೇನಿಂಗ್ 1835ರಿಂದ ಅರ್ಧ ಶತಮಾನ ಮಳೆ ಅಳೆದವರು. ಲಂಡನ್ನಿನಲ್ಲಿ ತಂಗಲು ಹೋಗುವಾಗ ಮಾಪಕವನ್ನೂ ಜೊತೆಗೇ ಒಯ್ಯುತ್ತಿದ್ದರಂತೆ. ಶ್ರದ್ಧೆ ಮೆಚ್ಚತಕ್ಕದ್ದೇ, ಆದರೆ ಲೆಕ್ಕ ಕೂಡಿಸುವವರಿಗೆ ಇದು ತಲೆನೋವು. ಸೈಮನ್ಸ್ ಹೆಚ್ಚು ಒತ್ತು ಕೊಟ್ಟದ್ದು ಏಕರೂಪತೆಗೆ: ಮಾಪಕದ ಅಂಚು ನೆಲದಿಂದ ಒಂದು ಅಡಿ ಎತ್ತರದಲ್ಲಿರಬೇಕು, ಬೆಳಿಗ್ಗೆ 9ಕ್ಕೆ ಅಳೆಯಬೇಕು, ಬಂದ ಅಂಕಿಯನ್ನು ಹಿಂದಿನ ದಿನದ ಹೆಸರಿನಲ್ಲಿ ಬರೆಯಬೇಕು.

ಅವರ ಹೆಸರು ಹೊತ್ತ ಮಾಪಕ ಭಾರತಕ್ಕೂ ಬಂತು. 127 ಮಿಲಿಮೀಟರ್ ಬಾಯಿಯ ಸೈಮನ್ಸ್ ಮಳೆಮಾಪಕ ಇಲ್ಲಿ ಬಹುಕಾಲ ಮಾದರಿ ಉಪಕರಣವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳ ವೀಕ್ಷಣಾಲಯಗಳ ಫಲಿತಾಂಶಗಳು ಸೆಂಟ್ರಲ್ ಕಾಲೇಜಿನ ಜಾನ್ ಕುಕ್ ಅವರ ಉಸ್ತುವಾರಿಯಲ್ಲಿ 1893ರ ಸಾಲಿನಿಂದ ಪುಸ್ತಕವಾಗಿ ಅಚ್ಚಾದವು. ಮಾಪಕ ಬಂದರೂ ಪದ್ಧತಿ ಪೂರ್ತಿ ಬರಲಿಲ್ಲ. ಭಾರತದಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಳೆ ಅಳೆದ ದಿನದ ಹೆಸರಿನಲ್ಲೇ ದಾಖಲಾಗುತ್ತದೆ. ತಿಂಗಳ ಒಂದನೇ ತಾರೀಕು ಅಳೆದ ನೀರು ಬ್ರಿಟನ್ನಿನಲ್ಲಿ ಹಿಂದಿನ ತಿಂಗಳಿಗೂ ಇಲ್ಲಿ ಹೊಸ ತಿಂಗಳಿಗೂ ಸೇರುವುದು ಇದರಿಂದಲೇ.

ಸೈಮನ್ಸ್ ಕಟ್ಟಿದ ಸಂಸ್ಥೆ 1919ರಲ್ಲಿ ಬ್ರಿಟನ್ನಿನ ಹವಾಮಾನ ಇಲಾಖೆಯಲ್ಲಿ ವಿಲೀನವಾಯಿತು. ಅದರೊಂದಿಗೆ ಬಂದ ಕಾಗದಗಳಲ್ಲಿ ಮುಖ್ಯವಾದವು ‘ಹತ್ತು ವರ್ಷದ ಹಾಳೆ’ಗಳು. ಒಂದು ಜಾಗದ ಹತ್ತು ವರ್ಷಗಳ ತಿಂಗಳವಾರು ಮಳೆ ಒಂದು ಹಾಳೆಯಲ್ಲಿ, ಪ್ರತಿ ವರ್ಷದ ಕೆಳಗೆ ಅದರ ಒಟ್ಟು ಮೊತ್ತ. ಇಪ್ಪತ್ತನೇ ಶತಮಾನದಲ್ಲಿ ಅಂಕಿಗಳು ಕಂಪ್ಯೂಟರಿಗೆ ಹೋದಾಗ ಈ ಹಾಳೆಗಳಲ್ಲಿ ಬಹುಪಾಲು ಹಿಂದೆಯೇ ಉಳಿದವು. ಬ್ರಿಟನ್ನಿನ ಅಧಿಕೃತ ಮಳೆ ಸರಣಿ 1862ರಿಂದ ಮಾತ್ರ ಆರಂಭವಾಗುತ್ತಿತ್ತು. ಅದಕ್ಕೂ ಹಿಂದಿನದು ಕಳೆದುಹೋಗಿರಲಿಲ್ಲ. ದಫ್ತರಖಾನೆಯಲ್ಲಿ ಭದ್ರವಾಗಿಯೇ ಇತ್ತು, ಮುಂದೆ ಸ್ಕ್ಯಾನ್ ಕೂಡ ಆಯಿತು. ಆದರೆ ಕೈಬರಹದ ಚಿತ್ರದಿಂದ ಅಂಕಿಗಳನ್ನು ನಂಬುವಂತೆ ಓದಿ ತೆಗೆಯುವುದು ಆಗ ಯಂತ್ರಕ್ಕೆ ಆಗುತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ, ಲಾಕ್‌ಡೌನ್ ಜನರನ್ನು ಮನೆಯಲ್ಲಿ ಕೂರಿಸಿದಾಗ, ರೀಡಿಂಗ್ ವಿಶ್ವವಿದ್ಯಾಲಯದ ಎಡ್ ಹಾಕಿನ್ಸ್ ಸುಮಾರು 65,000 ಹಾಳೆಗಳ ಚಿತ್ರಗಳನ್ನು ಸಾರ್ವಜನಿಕರ ಮುಂದಿಟ್ಟರು. ಸುಮಾರು 16,000 ಸ್ವಯಂಸೇವಕರು ಸೇರಿ 50 ಲಕ್ಷಕ್ಕೂ ಹೆಚ್ಚು ಅಂಕಿಗಳನ್ನು 16 ದಿನಗಳಲ್ಲಿ ಬೆರಳಚ್ಚು ಮಾಡಿ ಮುಗಿಸಿದರು. ಒಂದೇ ಅಂಕಿಯನ್ನು ಹಲವರು ಬೇರೆಬೇರೆಯಾಗಿ ಓದುತ್ತಿದ್ದರು, ಓದುಗಳು ಹೊಂದಿದರೆ ಮಾತ್ರ ಅದು ದಾಖಲೆಗೆ ಸೇರುತ್ತಿತ್ತು. ಹನ್ನೆರಡು ತಿಂಗಳು ಕೂಡಿದಾಗ ಹಾಳೆಯ ಬುಡದ ಮೊತ್ತ ಬಾರದಿದ್ದರೆ ಎಲ್ಲೋ 1 ಇದ್ದದ್ದು 7 ಆಗಿದೆಯೆಂದು ಗೊತ್ತಾಗುತ್ತಿತ್ತು. ವಿಕ್ಟೋರಿಯಾ ಕಾಲದ ಗುಮಾಸ್ತರು ಬೇಸರವಿಲ್ಲದೆ ಕೂಡಿ ಬರೆದ ಆ ಕೊನೆಯ ಸಾಲೇ ಇಡೀ ಕೆಲಸದಲ್ಲಿ ಹೆಚ್ಚು ನೆರವಾಯಿತೆಂದರೆ ಉತ್ಪ್ರೇಕ್ಷೆಯಲ್ಲ. ಮಾಪಕ ಸ್ಥಳಾಂತರವಾದ ಕಡೆ ದಾಖಲೆಯನ್ನು ಒಡೆದು ಎರಡು ಕೇಂದ್ರಗಳೆಂದು ಗಣಿಸಬೇಕಾದ ಸಂದರ್ಭಗಳೂ ಬಂದವು. ಫಲವಾಗಿ ಬ್ರಿಟನ್ನಿನ ಸರಣಿ 1836ಕ್ಕೆ ಹಿಂದೆ ಸರಿಯಿತು. ಅತಿ ಕಡಿಮೆ ಮಳೆಯ ವರ್ಷ 1855 ಎಂದಾಯಿತು. 2020ರ ಮೇ ತಿಂಗಳು ಇಂಗ್ಲೆಂಡಿನಲ್ಲಿ ದಾಖಲೆಯ ಒಣ ಮೇ ಎನಿಸಿಕೊಂಡಿತ್ತು, ಆ ಸ್ಥಾನ 1844ಕ್ಕೆ ಹೋಯಿತು.

ಇಂದಿನ ಮನೆ ಹವಾಮಾನ ಕೇಂದ್ರದಲ್ಲಿ ಆಲಿಕೆಯ ಕೆಳಗೆ ತೊನೆಯುವ ಪುಟ್ಟ ಬಟ್ಟಲಿರುತ್ತದೆ. ಕಾಲು ಮಿಲಿಮೀಟರಿನಷ್ಟು ಮಳೆಗೆ ಅದು ಒಮ್ಮೆ ಮಗುಚುತ್ತದೆ, ಎಣಿಕೆ ಐದೈದು ನಿಮಿಷಕ್ಕೊಮ್ಮೆ ಡೇಟಾಬೇಸಿಗೆ ಸೇರುತ್ತದೆ. ಹಾಳೆ ಹೋಗಿ ಕಡತ ಬಂದರೂ ಸ್ಥಳಾಂತರದಲ್ಲಿ ಆಗುವ ನಷ್ಟದ ಬಗೆ ಹೆಚ್ಚು ಬದಲಾಗಿಲ್ಲ. ಹವ್ಯಾಸಿಗಳಲ್ಲಿ ಬಹಳ ಬಳಕೆಯಲ್ಲಿರುವ ವೀಡಬ್ಲ್ಯೂಎಕ್ಸ್ ತಂತ್ರಾಂಶವನ್ನೇ ನೋಡಬಹುದು. ಹೊಸ ಕಂಪ್ಯೂಟರಿನಲ್ಲಿ ಅದನ್ನು ಹಾಕಿದಾಗ, ನಿಗದಿಯಾದ ಜಾಗದಲ್ಲಿ ಹಳೆಯ ಡೇಟಾಬೇಸ್ ಕಾಣದಿದ್ದರೆ, ಅದು ಸದ್ದಿಲ್ಲದೆ ಹೊಸದೊಂದನ್ನು ತೆರೆಯುತ್ತದೆ. ನಕ್ಷೆಗಳು ಅಂದಿನಿಂದಲೇ ಆರಂಭವಾಗುತ್ತವೆ. ಹತ್ತು ವರ್ಷದ ಮಳೆ ಹೋಯಿತೆಂದು ಮನೆಯವರು ಕಂಗಾಲಾಗುತ್ತಾರೆ, ಹಳೆಯ ಕಡತ ಮಾತ್ರ ಇನ್ನೊಂದು ಫೋಲ್ಡರಿನಲ್ಲಿ ಹಾಗೇ ಕುಳಿತಿರುತ್ತದೆ. ತಂತ್ರಾಂಶ ಓಡುತ್ತಿರುವಾಗಲೇ ಈ ಡೇಟಾಬೇಸಿನ ಎಸ್‌ಕ್ಯೂಲೈಟ್ ಕಡತವನ್ನು ನಕಲು ಮಾಡಿದರೆ ನಿಜವಾದ ನಷ್ಟವೇ ಆಗಬಹುದು. ಬರವಣಿಗೆ ನಡೆಯುತ್ತಿರುವಾಗ ತೆಗೆದ ನಕಲು ಅಪೂರ್ಣವಾಗಿರಬಹುದು, ಕೆಟ್ಟೂ ಹೋಗಿರಬಹುದು. ಮೊದಲು ತಂತ್ರಾಂಶ ನಿಲ್ಲಿಸಬೇಕೆನ್ನುವುದು ಇದಕ್ಕೇ.

ಎರಡು ಕಡತಗಳನ್ನು ಒಂದಾಗಿಸಲು ವೇಳೆಯ ಮುದ್ರೆ ದಾರಿ ಮಾಡಿಕೊಡುತ್ತದೆ. ಪ್ರತಿ ದಾಖಲೆಯ ಮುಖ್ಯ ಗುರುತು ಅದರ ವೇಳೆ, 1970ರ ಆರಂಭದಿಂದ ಎಣಿಸಿದ ಸೆಕೆಂಡುಗಳಲ್ಲಿ. ಒಂದೇ ವೇಳೆಯ ಎರಡು ದಾಖಲೆಗಳನ್ನು ಡೇಟಾಬೇಸ್ ಒಪ್ಪದ ಕಾರಣ ಮಳೆ ಎರಡು ಸಲ ಎಣಿಕೆಯಾಗುವ ಭಯವಿಲ್ಲ. ಮುದ್ರೆ ಬೀಳುವುದು ಐದು ನಿಮಿಷದ ಕೊನೆಗೆ. ಹಾಗಾಗಿ ಸರಿಯಾಗಿ ಮಧ್ಯರಾತ್ರಿ 12ರ ದಾಖಲೆ ಹಿಂದಿನ ದಿನಕ್ಕೆ ಸೇರುತ್ತದೆ. ಸೈಮನ್ಸ್ ಇದ್ದಿದ್ದರೆ ತಲೆದೂಗುತ್ತಿದ್ದರೇನೋ! ಅಳತೆಯ ಮಾನದಲ್ಲಿ ಮಾತ್ರ ಎಚ್ಚರ ಬೇಕು. ಈ ತಂತ್ರಾಂಶದ ಒಂದು ಕ್ರಮದಲ್ಲಿ ಮಳೆ ಅಂಗುಲದಲ್ಲಿದ್ದರೆ ಇನ್ನೊಂದರಲ್ಲಿ ಸೆಂಟಿಮೀಟರ್, ಮತ್ತೊಂದರಲ್ಲಿ ಮಿಲಿಮೀಟರ್. ನೋಡದೆ ಕೈಯಾರೆ ಬೆರೆಸಿದರೆ ಮಳೆ ಹತ್ತು ಪಟ್ಟಾಗಲೂಬಹುದು. ವಿಲೀನ ಮುಗಿದ ಮೇಲೂ ತಿಂಗಳ ವರದಿಯಲ್ಲಿ ಹಳೆಯ ಮಳೆ ಕಾಣದಿದ್ದರೆ ಗಾಬರಿ ಬೇಡ. ದಿನದ ಮೊತ್ತಗಳು ಬೇರೆ ಕೋಷ್ಟಕಗಳಲ್ಲಿರುತ್ತವೆ, ಅವನ್ನು ಮೂಲ ದಾಖಲೆಗಳಿಂದ ಮತ್ತೆ ಕಟ್ಟಿಸಬೇಕು. ಮೂಲದಿಂದ ಮೊತ್ತ ಬರುತ್ತದೆ, ಮೊತ್ತದಿಂದ ಮೂಲ ಬರುವುದಿಲ್ಲ.

ಕಂಪ್ಯೂಟರ್ ಆರಿದ್ದ ಅವಧಿಯ ಮಳೆಯೂ ಪೂರ್ತಿ ಕೈತಪ್ಪುವುದಿಲ್ಲ. ಡೇವಿಸ್ ಕಂಪನಿಯ ವಾಂಟೇಜ್ ಕೇಂದ್ರಗಳ ದಾಖಲಕದಲ್ಲಿ 2,560 ದಾಖಲೆಗಳಿಗೆ ಜಾಗವಿದೆ. ಐದು ನಿಮಿಷಕ್ಕೊಂದರಂತೆ ಅದು ಒಂಬತ್ತು ದಿನಕ್ಕೆ ತುಸು ಕಡಿಮೆ, ಆಮೇಲೆ ಹಳೆಯದರ ಮೇಲೆ ಹೊಸದು ಬರುತ್ತದೆ. ಅದಕ್ಕೂ ಹಿಂದಿನದು ಬೇಕಾದರೆ, ಕೇಂದ್ರ ಆಗ ಅಂತರಜಾಲಕ್ಕೆ ಅಂಕಿಗಳನ್ನು ಕಳಿಸುತ್ತಿದ್ದ ಪಕ್ಷದಲ್ಲಿ, ಆ ಸೇವೆಗಳಲ್ಲಿ ಉಳಿದ ಪ್ರತಿಯಿಂದ ಮರಳಿ ತರಬಹುದು. ಅಲ್ಲೂ ಸಿಗದ ದಿನಗಳನ್ನು ಖಾಲಿ ಬಿಡುವುದೇ ಕ್ರಮ. ಸೊನ್ನೆ ಹಾಕಿದರೆ ಅಂದು ಮಳೆಯೇ ಬರಲಿಲ್ಲವೆಂದು ದಾಖಲಾಗುತ್ತದೆ, ವರ್ಷದ ಮೊತ್ತವೂ ಪೂರ್ಣವಾದಂತೆ ತೋರುತ್ತದೆ.