ರಕ್ಕಸರ ದಂಡಿನಾಗ ಯಾರ ಮ್ಯಾಲ ಯಾರು?

ಸುಗ್ಗಿ ಮುಗಿದ ಮ್ಯಾಲ ನಮ್ಮೂರ ಹುಡುಗರು ದೊಡ್ಡಾಟ ಕಲಿಯಾಕ ಬಂದರು. ಆಟದ ರಕ್ಕಸ ರಾಜ ಯಾವ ಪುರಾಣದಾಗೂ ಇಲ್ಲ, ನಾವೇ ಕಟ್ಟಿದವ. ಅವನ ದಂಡಿನಾಗ ಯಾರು ದೊಡ್ಡವ ಅಂತ ಜಗಳ ಹತ್ತಿತು. ಚಿಂಚೋಳಿ ಎಂಐಡಿಸಿಗೆ ಕೆಲಸಕ್ಕೆ ಹೋಗುವ ಹುಡುಗ, "ನಾಯಕನೇ ದೊಡ್ಡವ. ಹವಾಲದಾರ ಅಂದ್ರ ಗೇಟ್ ಕಾಯವ" ಅಂದ.

ಶಿವಾಜಿ ಮಹಾರಾಜರ ದಂಡಿನ ಲೆಕ್ಕ ನೋಡಿರಿ. ಸರಕಾರದ ಕುದುರೆ ಹತ್ತಿದವ ಬಾರಗೀರ, ಸ್ವಂತ ಕುದುರೆ ತಂದವ ಶಿಲೇದಾರ. 25 ಬಾರಗೀರರ ಮ್ಯಾಲ ಒಬ್ಬ ಹವಾಲದಾರ, 5 ಹವಾಲದಾರರ ಮ್ಯಾಲ ಜುಮಲೇದಾರ, 10 ಜುಮಲೇದಾರರ ಮ್ಯಾಲ ಹಜಾರಿ. ಗುಣಿಸಿದರ 1250 ಆಗ್ತದ, ಹೆಸರು ಮಾತ್ರ ಸಾವಿರದ್ದು! 5 ಹಜಾರಿಗಳ ಮ್ಯಾಲ ಪಂಚಹಜಾರಿ, ಎಲ್ಲಾರ ಮ್ಯಾಲ ಸರನೋಬತ. ಕಾಲಾಳಿನಾಗ ನಾಯಕ ಹವಾಲದಾರನ ಕೈಕೆಳಗಿನವ; ಇವತ್ತಿನ ಫೌಜಿನಾಗೂ ಹಂಗೇ. ಕೋಟೆಯ ಹವಾಲದಾರನಂತೂ ಬೀಗದ ಕೈ ಇಟ್ಟುಕೊಂಡವ.

ಹುಡುಗನ ಮಾತೂ ಪೂರ್ತಿ ಸುಳ್ಳಲ್ಲ. ವಿಜಯನಗರದಾಗ ನಾಯಕ ಅಂದ್ರ ಸೀಮೆ ಆಳಿ ರಾಯರಿಗೆ ದಂಡು ಒದಗಿಸುವವ. ಮೊಗಲರ ಸುಭೇದಾರ ಒಂದು ಸುಭಾದ ಒಡೆಯ. ಕಂಪನಿಯವರು ಈ ದೊಡ್ಡ ಹೆಸರುಗಳನ್ನು ಸಣ್ಣ ಪದವಿಗೆ ಇಟ್ಟರು. ನಮ್ಮವ ಮುದುಕನಾಗಿ ಸುಭೇದಾರ ಮೇಜರ್ ಆದರೂ ನಿನ್ನೆ ಬಂದ ಗೋರಾ ಹುಡುಗನಿಗೆ ಸಲಾಮು ಹೊಡೀಬೇಕಿತ್ತು. ಕೊಡಗಿನ ಕಾರಿಯಪ್ಪನವರಿಗೆ ಗೋರಾ ಸಾಹೇಬರ ಸಾಲಿನ ಪದವಿ ಸಿಕ್ಕದ್ದು 1919ರಾಗ. ಇಡೀ ಭೂಸೇನೆ ಅವರ ಕೈಗೆ ಬಂದದ್ದು 1949ರ ಜನವರಿ 15ಕ್ಕ.

ನಮ್ಮ ರಕ್ಕಸ ರಾಜನಿಗೆ ಸರನೋಬತನನ್ನೇ ಕೊಟ್ಟೇವಿ. ಹವಾಲದಾರನ ವೇಷ ಆ ಹುಡುಗನೇ ಕಟ್ಟತಾನ.