ಮುತ್ತಜ್ಜನ ಕೋವಿ, ಅಜ್ಜನ ರಸೀದಿ

ಹೋದ ತಿಂಗಳು ಒಂದು ಭಾನುವಾರ ಜಯನಗರ ನಾಲ್ಕನೇ ಬ್ಲಾಕಿನ ದರ್ಶಿನಿಯೊಂದರಲ್ಲಿ ನಿಂತು ಕಾಫಿ ಕುಡೀತಿದ್ವಿ. ನನ್ನ ಟೀಮಿನ ಗೆಳೆಯ, ವಿರಾಜಪೇಟೆ ಕಡೆಯವನು, ಮೊಬೈಲಿನಲ್ಲಿ ಒಂದು ಕೋವಿಯ ಫೋಟೋ ತೋರಿಸಿದ. "ಮುತ್ತಜ್ಜ ಮೊದಲನೇ ಮಹಾಯುದ್ಧದಿಂದ ತಂದದ್ದು ಮಾರಾಯ. ಒರಿಜಿನಲ್ಲಾ ನೋಡು. ಎಷ್ಟು ಬೆಲೆ ಬಾಳಬಹುದು?"

ಮಾರೋದಕ್ಕಲ್ಲ. ಊರಲ್ಲಿ ಅವರಪ್ಪ, ಚಿಕ್ಕಪ್ಪಂದಿರ ನಡುವೆ ಆಸ್ತಿ ಪಾಲಾಗ್ತಿದೆ. ತೋಟ, ಗದ್ದೆಗಳ ಲೆಕ್ಕ ಮುಗಿದಿದೆ. ಕೋವಿಯದು ಮುಗಿದಿಲ್ಲ. "ಯುದ್ಧದ ಕೋವಿ ಅಂದ್ರೆ ಲಕ್ಷಗಟ್ಟಲೆ" ಅಂತ ಯಾರೋ ಹೇಳಿಬಿಟ್ಟಿದ್ದಾರೆ. ಅವತ್ತಿನಿಂದ ಅಣ್ಣತಮ್ಮಂದಿರು ಸರಿಯಾಗಿ ಮಾತಾಡ್ತಿಲ್ಲ. ಹಳೇ ಬಂದೂಕುಗಳ ಬಗ್ಗೆ ಓದೋ ಹುಚ್ಚು ನನಗಿರೋದು ಗೆಳೆಯನಿಗೆ ಗೊತ್ತು. ಹಾಗಾಗಿ ಪಂಚಾಯ್ತಿ ನನ್ನ ತಲೆಗೆ ಬಂತು.

ಆ ಕಾಲದ ಬ್ರಿಟಿಷ್ ಸೈನ್ಯದ ಮುಖ್ಯ ರೈಫಲ್ ಲೀ-ಎನ್‌ಫೀಲ್ಡ್. ನಮ್ಮ ಜನರ ಬಾಯಲ್ಲಿ 'ತ್ರೀ ನಾಟ್ ತ್ರೀ'. ಅದರ ಗಿಡ್ಡ ಮಾದರಿ ಬಂದದ್ದು 1903ರಲ್ಲಿ, ಹೆಸರಾದ ಮಾರ್ಕ್ 3 ಬಂದದ್ದು 1907ರಲ್ಲಿ. ಬಂಗಾಳದ ಇಷಾಪುರ ಕಾರ್ಖಾನೆಯಲ್ಲೂ ತಯಾರಾಗುತ್ತಿತ್ತು. ಇದರ ಅಸಲಿತನ ನೋಡೋದು ಹೀಗೆ. ಹಿಂಬದಿಯ ಮರ ಕಬ್ಬಿಣಕ್ಕೆ ಸೇರುವ ಜಾಗದಲ್ಲಿ, ಬಲಗಡೆ, ಕಿರೀಟದ ಗುರುತು, ದೊರೆಯ ಹೆಸರಿನ ಅಕ್ಷರ, ಕಾರ್ಖಾನೆ, ಇಸವಿ ಇರುತ್ತೆ. ಆಮೇಲೆ ನಂಬರು. ಬೋಲ್ಟು, ಬೋಲ್ಟು ಕೂರುವ ಭಾಗ, ಗುರಿ ನೋಡುವ ಪಟ್ಟಿ, ಮೂತಿಯ ಕಬ್ಬಿಣದ ಟೋಪಿ, ಇವುಗಳ ಮೇಲೆಲ್ಲ ಒಂದೇ ನಂಬರಿದ್ದರೆ ಹುಟ್ಟಿದಾಗ ಇದ್ದ ಭಾಗಗಳೇ ಉಳಿದಿವೆ ಅಂತ. ನಾವು ಫೈಲಿನ ಚೆಕ್‌ಸಮ್ ನೋಡ್ತೀವಲ್ಲ, ಹಾಗೆ.

ನಕಲಿಗಳೂ ಬೇಕಾದಷ್ಟಿವೆ. ಖೈಬರ್ ಕಣಿವೆಯ ಕಡೆ ಕುಲುಮೆಗಳಲ್ಲಿ ಕೈಯಿಂದಲೇ ಮಾಡಿದ ರೈಫಲ್ಲುಗಳ ಮೇಲೆ ವಿಕ್ಟೋರಿಯಾ ರಾಣಿಯ 'ವಿ.ಆರ್.' ಇರುತ್ತೆ, ಪಕ್ಕದಲ್ಲೇ ಆಕೆ ತೀರಿಕೊಂಡ 1901ರ ನಂತರದ ಇಸವಿ! ಇನ್ನೊಂದು ವಿಷಯ, ಪಾಲಿಶ್. ನಮ್ಮವ್ವ ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡ ಫಳಫಳ ಮಾಡ್ತಿದ್ದಳು. ಹಳೇ ರೈಫಲ್ಲಿಗೆ ಹಾಗೆ ಮಾಡಿದರೆ ಅರ್ಧ ಬೆಲೆ ಅಲ್ಲೇ ಹೋಯ್ತು. ಗುರುತುಗಳು ಸವೆದುಹೋಗ್ತವೆ.

ಫೋಟೋ ದೊಡ್ಡದು ಮಾಡಿ ನೋಡಿದೆ. ಮುಂಗಡೆಯ ಮರ ನಳಿಗೆಯ ಅರ್ಧಕ್ಕೇ ನಿಂತಿದೆ. ಸೈನ್ಯದ್ದಾಗಿದ್ದರೆ ಮೂತಿಯ ತನಕ ಇರಬೇಕು. ಮ್ಯಾಗಜಿನ್ ಚಿಕ್ಕದು, ಐದು ಗುಂಡಿನದು. ಸೈನ್ಯದ್ದು ಹತ್ತರದು. ನಳಿಗೆಯ ಮೇಲೆ .315 ಅಂತಿದೆ. ಸೈನ್ಯದ ರೈಫಲ್ಲಿಗೆ ಹೊಂದುವ .303 ಗುಂಡು ಜನರ ಕೈಯಲ್ಲಿರುವುದು ಬ್ರಿಟಿಷರಿಗೆ ಬೇಡವಾಗಿತ್ತು. ಅದಕ್ಕೇ ಬೇಟೆಗಾರರಿಗೆ ಬೇರೆ ಅಳತೆ ಬಂತು. ಸ್ವಾತಂತ್ರ್ಯದ ನಂತರವೂ ಅದೇ ನಿಯಮ ಮುಂದುವರಿಯಿತು. ಇಷಾಪುರದವರು ಲೀ-ಎನ್‌ಫೀಲ್ಡಿನ ವಿನ್ಯಾಸದಲ್ಲೇ .315 ಬೇಟೆ ರೈಫಲ್ ಮಾಡಿ ಮಾರಿದರು.

ಅಂದರೆ ಇದು ಯುದ್ಧ ನೋಡಿದ ಕೋವಿ ಅಲ್ಲ. ಸೈನಿಕನ ರೈಫಲ್ ಸರ್ಕಾರದ ಸ್ವತ್ತು, ಮನೆಗೆ ಹೊರಡುವಾಗ ವಾಪಸ್ ಕೊಟ್ಟೇ ಬರಬೇಕಿತ್ತು.

ಗೆಳೆಯ ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಬೆಲೆಯ ವಿಷಯವನ್ನೂ ಹೇಳಿಬಿಟ್ಟೆ: "ಲಕ್ಷ ಎಲ್ಲ ಇಲ್ಲ ಅಂಕಲ್. ಕೊಳ್ಳೋರ ಹತ್ರ ಕೋವಿ ಇಟ್ಕೊಳ್ಳೋ ಹಕ್ಕು ಇರ್ಬೇಕು. ಪುರಾತನ ವಸ್ತು ಅಂತ ಲೈಸೆನ್ಸಿಲ್ಲದೆ ಇಟ್ಕೊಳ್ಳೋಕೆ ಅದು ರಿಪೇರಿ ಮಾಡಿದ್ರೂ ಗುಂಡು ಹಾರಿಸದಂತಿರ್ಬೇಕು. 1959ರ ಕಾಯ್ದೆಯಲ್ಲಿ ಹಾಗಿದೆ." ಅವರು "ಆಯ್ತಪ್ಪ" ಅಂತ ಇಟ್ಟರು. ನನಗೆ ಕಾಫಿ ರುಚಿಸಲಿಲ್ಲ.

ಮಾರನೇ ದಿನ ವಾಟ್ಸಾಪಿನಲ್ಲಿ ಇನ್ನೊಂದು ಫೋಟೋ ಬಂತು. ಹಳೇ ಪೆಟ್ಟಿಗೆಯಲ್ಲಿ ಸಿಕ್ಕ, ಮಡಿಕೆಯಲ್ಲಿ ಹರಿದ ಒಂದು ರಸೀದಿ. ಮೈಸೂರಿನ ಬಂದೂಕಿನ ಅಂಗಡಿಯದು, ಅಜ್ಜನ ಹೆಸರಿಗೆ. ಇಸವಿ ಸ್ವಾತಂತ್ರ್ಯ ಬಂದ ನಂತರದ್ದು. ಕೋವಿಯ ನಂಬರು ಹೋಲಿಸಿದೆ. ಒಂದೊಂದು ಅಂಕಿಯೂ ಸರಿ.

ಈ ರಸೀದಿಯ ಹಿಂದೆ ಒಂದು ಚರಿತ್ರೆ ಇದೆ. 1857ರ ದಂಗೆಯಾದ ಮೇಲೆ ಬ್ರಿಟಿಷರು ಜನರಿಂದ ಆಯುಧ ಕಸಿದುಕೊಳ್ಳುತ್ತಿದ್ದ ಹೊತ್ತಿನಲ್ಲಿ, 1861ರಲ್ಲಿ, ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟ, ನಿಷ್ಠೆಗೆ ಇನಾಮಾಗಿ. ಅದು ಇವತ್ತಿಗೂ ಕೊಡವರಿಗೆ, ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಇದೆ. 2019ರಲ್ಲಿ ಕೇಂದ್ರ ಸರ್ಕಾರ 2029ರ ತನಕ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು.

ನಾನು ಮುಧೋಳ ತಾಲೂಕಿನವನು. ಹಲಗಲಿ ನಮ್ಮೂರಿಗೆ ದೂರವಿಲ್ಲ. 1857ರ ನವೆಂಬರಿನಲ್ಲಿ ಅಲ್ಲಿಯ ಬೇಡರು ಹತಾರ ಕೊಡೋದಿಲ್ಲ ಅಂದರು. ಸೈನ್ಯ ಬಂತು, ಊರು ಸುಟ್ಟಿತು, ಹಿಡಿದವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಲಾವಣಿ ಓದಿರ್ತೀರಿ. ಜಡಗ, ಬಾಲ, ಹನುಮ, ರಾಮ. ಅವರ ಹತಾರದ ಮೇಲೆ ಯಾವ ನಂಬರಿತ್ತು, ಯಾವ ಗುರುತಿತ್ತು ಅಂತ ನೋಡೋಣ ಅಂದರೆ ನನ್ನ ಮುಂದೆ ಏನೂ ಇಲ್ಲ. ಲಾವಣಿ ಮಾತ್ರ ಇದೆ. ಒಂದೇ ರಾಜ್ಯ, ನಾಲ್ಕು ವರ್ಷದ ಅಂತರ. ಒಂದು ಕಡೆ ಕೋವಿ ಗೋಡೆಯ ಮೇಲೆ ಉಳಿಯಿತು, ಇನ್ನೊಂದು ಕಡೆ ಅದಕ್ಕಾಗಿ ಪ್ರಾಣ ಹೋಯಿತು. ಯಾವ ಹರಾಜಿನವರೂ ಇದನ್ನು ಬೆಲೆಯಲ್ಲಿ ಸೇರಿಸೋದಿಲ್ಲ. ನನಗೆ ಮಾತ್ರ ಆ ರಸೀದಿ ನೋಡಿದಾಗ ಮೊದಲು ನೆನಪಾಗಿದ್ದು ಇದೇ.

ಸಂಜೆ ಅಂಕಲ್ ಅವರೇ ಫೋನ್ ಮಾಡಿದ್ರು. ಧ್ವನಿ ಹಗುರಾಗಿತ್ತು. "ಯುದ್ಧದ್ದಲ್ಲ ಅಂತ ಬೇಜಾರಾಗಿತ್ತು ಮಾರಾಯ. ಆದ್ರೆ ನಮ್ಮಪ್ಪ ದುಡ್ಡು ಕೂಡಿಸಿ ತಂದದ್ದು ಅಂತ ನಮಗ್ಯಾರಿಗೂ ಗೊತ್ತೇ ಇರ್ಲಿಲ್ಲ." ಕೋವಿ ಪಾಲಿನಿಂದ ಹೊರಗೆ, ಐನ್‌ಮನೆಯಲ್ಲೇ ಇರೋದು ಅಂತ ತೀರ್ಮಾನವಾಗಿದೆಯಂತೆ. ಸೆಪ್ಟೆಂಬರಿನ ಕೈಲ್‌ಪೋದ್ ಹಬ್ಬಕ್ಕೆ ಅದಕ್ಕೆ ತೋಕ್‌ಪೂ ಸಿಕ್ಕಿಸಿ ಪೂಜೆ, ನನಗೂ ಬರೋಕೆ ಹೇಳಿದ್ರು.

"ಅಷ್ಟರಲ್ಲಿ ಒಂದ್ಸಲ ಪಾಲಿಶ್ ಮಾಡಿಸ್ಬಹುದಾ?" ಅಂತ ಕೇಳಿದ್ರು.

ಬರೀ ಎಣ್ಣೆ ಹಚ್ಚಿ ಸಾಕು ಅಂಕಲ್ ಅಂದೆ.