ಮಿಕ, ಜಾಣ ಮತ್ತು ನಾನು

ತೊಂಬತ್ತರ ದಶಕದಲ್ಲಿ ನಮ್ಮ ಬೀದಿಗೆ ಕೇಬಲ್ ಟೀವಿ ಬಂದಾಗ ಅದರ ಬೆನ್ನಿಗೇ ಅಮೆರಿಕದ ಕುಸ್ತಿಯೂ ಬಂತು. ಗರಡಿಯ ಮಣ್ಣಿನಲ್ಲಿ ಹೊರಳಿ ಬೆಳೆದ ನಮ್ಮ ಸೋದರಮಾವ ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರೆ ಊಟಕ್ಕೂ ಏಳುತ್ತಿರಲಿಲ್ಲ. "ಮಾವಾ, ಇದೆಲ್ಲ ಬರೀ ನಾಟಕ. ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ" ಎಂದು ನಾನು ಕಾಲೇಜಿನ ಜಾಣತನ ತೋರಿಸುತ್ತಿದ್ದೆ. ಅವರು ಟೀವಿಯಿಂದ ಕಣ್ಣು ಕೀಳದೆ, "ಇರಬಹುದಪ್ಪ. ಆದ್ರೆ ಅವನ ಬೆನ್ನು ಹಲಗೆಗೆ ಬಡೀತಲ್ಲ, ಅದು ನಾಟಕ ಅಲ್ಲ" ಎನ್ನುತ್ತಿದ್ದರು.

ಆ ಕುಸ್ತಿಯ ಒಳಗಿನವರ ಭಾಷೆಯಲ್ಲಿ ನಮ್ಮಿಬ್ಬರಿಗೂ ಒಂದೊಂದು ಹೆಸರಿದೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಮಾವ 'ಮಾರ್ಕ್', ನಾನು 'ಸ್ಮಾರ್ಟ್'.

ಮಾರ್ಕ್ ಎಂಬುದು ಅಮೆರಿಕದ ಊರೂರು ತಿರುಗುವ ಕಾರ್ನಿವಲ್ ಜಾತ್ರೆಗಳ ಮಾತು. ಅಲ್ಲಿನ ಡೇರೆಗಳಲ್ಲಿ ಪೈಲ್ವಾನನೊಬ್ಬ ನಿಂತು, ತನ್ನೆದುರು ಇಂತಿಷ್ಟು ನಿಮಿಷ ತಾಳಿದವರಿಗೆ ಇಂತಿಷ್ಟು ಹಣ ಎಂದು ಸವಾಲು ಹಾಕುತ್ತಿದ್ದ. ಗುಂಪಿನಿಂದ ತೊಡೆ ತಟ್ಟಿ ಬರುವವರಲ್ಲಿ ಡೇರೆಯವರದೇ ಆಳುಗಳೂ ಇರುತ್ತಿದ್ದರು. ಇದನ್ನರಿಯದೆ ಬಾಜಿ ಕಟ್ಟುವ ಹಳ್ಳಿಗನೇ ಮಾರ್ಕ್. ನಮ್ಮ ಮಾತಿನಲ್ಲಿ ಮಿಕ. ಸುಲಭವಾಗಿ ದುಡ್ಡು ಬಿಚ್ಚುವವನ ಬೆನ್ನು ತಟ್ಟುವ ನೆಪದಲ್ಲಿ ಸೀಮೆಸುಣ್ಣದ ಗುರುತು ಹಾಕಿ ಕಳಿಸುತ್ತಿದ್ದರು, ಅದರಿಂದ ಈ ಹೆಸರು ಬಂತು ಎಂದೊಂದು ಕತೆ ಹೇಳುತ್ತಾರೆ.

ಕುಸ್ತಿ ಡೇರೆಯಿಂದ ದೊಡ್ಡ ಸಭಾಂಗಣಗಳಿಗೆ ಹೋದರೂ ಗುಟ್ಟಿನ ಭಾಷೆ ಜೊತೆಗೇ ಹೋಯಿತು. ಮೊದಲೇ ಗೊತ್ತುಮಾಡಿದ ಆಟ 'ವರ್ಕ್', ನಿಜವಾದ ಜಗಳ 'ಶೂಟ್'. ಗುಟ್ಟು ಕಾಯುವ ಕಟ್ಟುಪಾಡಿಗೆ 'ಕೇಫೇಬ್' ಎಂದು ಹೆಸರು. ಒಳಗುಟ್ಟು ಬಲ್ಲವನು ಸ್ಮಾರ್ಟ್.

ಹೊರಗಿನವರಲ್ಲಿ ಸ್ಮಾರ್ಟ್‌ಗಳು ಹೆಚ್ಚಿದ್ದು 1980ರ ದಶಕದಲ್ಲಿ. ಡೇವ್ ಮೆಲ್ಟ್ಜರ್ ಹೊರಡಿಸಿದ 'ರೆಸ್ಲಿಂಗ್ ಅಬ್ಸರ್ವರ್' ಸುದ್ದಿಪತ್ರ ಅಂಚೆಯಲ್ಲಿ ಮನೆಮನೆಗೆ ಒಳಸುದ್ದಿ ಮುಟ್ಟಿಸಿತು. 1989ರಲ್ಲಿ ಡಬ್ಲ್ಯೂಡಬ್ಲ್ಯೂಎಫ್ ಸಂಸ್ಥೆಯವರೇ ನ್ಯೂಜೆರ್ಸಿ ರಾಜ್ಯದ ಶಾಸಕರ ಮುಂದೆ ತಮ್ಮದು ಕ್ರೀಡೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡರು. ಕ್ರೀಡೆಯ ಮೇಲಿನ ತೆರಿಗೆ, ಕಟ್ಟಳೆಗಳಿಂದ ತಪ್ಪಿಸಿಕೊಳ್ಳುವುದಷ್ಟೇ ಅವರ ಉದ್ದೇಶ. ಶತಮಾನದ ಗುಟ್ಟು ತೆರಿಗೆಯ ಲೆಕ್ಕದಲ್ಲಿ ರಟ್ಟಾಯಿತು!

ಆಮೇಲೆ ಹುಟ್ಟಿದವನು 'ಸ್ಮಾರ್ಕ್'. ಸ್ಮಾರ್ಟ್ ಮತ್ತು ಮಾರ್ಕ್ ಎರಡನ್ನೂ ಬೆಸೆದ ಪದ. ಎಲ್ಲ ಬಲ್ಲೆ ಎನ್ನುತ್ತಾನೆ. ಮೆಚ್ಚಿನ ಪೈಲ್ವಾನ ಸೋತರೆ ಮಿಕನಿಗಿಂತ ಹೆಚ್ಚು ಸಿಟ್ಟಾಗುತ್ತಾನೆ. ಈ ಪದದಲ್ಲಿ ಮೆಚ್ಚಿಗೆಗಿಂತ ಹಂಗಿಸುವುದೇ ಹೆಚ್ಚು. ಅದನ್ನು ಓದಿದಾಗ ನನ್ನ ಮುಖ ಸಪ್ಪಗಾಯಿತು. ಕಾರಣವಿದೆ.

1999ರ ಮೇ 23ರಂದು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಓವೆನ್ ಹಾರ್ಟ್ ಎಂಬ 34 ವರ್ಷದ ಪೈಲ್ವಾನನನ್ನು ಸಭಾಂಗಣದ ಮಾಡಿನಿಂದ ಹಗ್ಗದ ಮೇಲೆ ಇಳಿಸುವ ಏರ್ಪಾಡಾಗಿತ್ತು. ಕೊಂಡಿ ಕಳಚಿ ಅವನು ಕೆಳಗೆ ಬಿದ್ದು ಸತ್ತ. ಇದೂ ಆಟದ ಒಂದು ಭಾಗವೆಂದುಕೊಂಡ ಪ್ರೇಕ್ಷಕರು ಅಲ್ಲಿ ಅನೇಕರಿದ್ದರು. ಅವನನ್ನು ಹೊತ್ತೊಯ್ದ ಮೇಲೆ ಉಳಿದ ಕುಸ್ತಿಗಳು ನಡೆದವು.

ಪತ್ರಿಕೆಯಲ್ಲಿ ಆ ಸುದ್ದಿ ಓದಿ ನಾನು ನಕ್ಕಿದ್ದೆ. "ಇದೂ ಒಂದು ಕತೆ ಮಾವಾ. ಮುಂದಿನ ತಿಂಗಳು ಎದ್ದು ಬರ್ತಾನೆ ನೋಡಿ" ಎಂದಿದ್ದೆ. ಗುಟ್ಟು ಬಲ್ಲವನಿಗೆ ಸಾವೂ ವರ್ಕ್ ಆಗಿ ಕಂಡಿತ್ತು.

ಮಾವ ನಗಲಿಲ್ಲ. "ಎಷ್ಟು ಎತ್ತರದಿಂದ ಬಿದ್ದನಂತೆ?" ಎಂದು ಕೇಳಿದರು.

"ಎಪ್ಪತ್ತು ಅಡಿಗೂ ಮೇಲೆ."

ಅವರ ಕೈ ತಾನಾಗಿ ಬೆನ್ನ ಹಿಂದೆ ಹೋಗಿ, ಗರಡಿಯ ಕಾಲದ ಹಳೇ ನೋವಿನ ಜಾಗವನ್ನು ಒತ್ತಿಕೊಂಡಿತು. ಆ ವಾರ ಅವರು ಟೀವಿ ಹಾಕಲಿಲ್ಲ.